ಇಪ್ಪತ್ತು ಹೆಸರುಕಾಳು

ನಮ್ಮ ಊರಿನಲ್ಲಿ ಒಂದು ಬೀದಿಯ ನೀರು ಇನ್ನೊಂದು ಬೀದಿಯ ಗಂಟಲಿಗೆ ಇಳಿಯುವಂತಿಲ್ಲ. ಬೀದಿಗೊಂದು ಬಾವಿ, ಬಾವಿಗೊಂದು ಬೀದಿ. ಪ್ರತಿ ಬೀದಿಯ ಬಾಯಲ್ಲಿ ಒಬ್ಬ ಕಾವಲಿನವಳು ಕೂತಿರುತ್ತಾಳೆ. ಹೋಗಿ ಬರುವವರ ಕೊಡ, ತಂಬಿಗೆ, ಬಟ್ಟಲುಗಳೊಳಗೆ ಕೈ ಹಾಕಿ ನೋಡುತ್ತಾಳೆ. ಕೈ ಒದ್ದೆಯಾದರೆ ಆ ಪಾತ್ರೆಯನ್ನು ಅಲ್ಲೇ ಒಡೆದುಹಾಕುತ್ತಾಳೆ. ಈ ಕಟ್ಟಳೆ ಮಾಡಿದವರು ಯಾರು ಎಂದು ಕೇಳಿದರೆ ಹಿರಿಯರು ಎನ್ನುತ್ತಾರೆ. ಆ ಹಿರಿಯರನ್ನು ಕೇಳಿದ್ದರೆ ಅವರೂ ಅದನ್ನೇ ಅನ್ನುತ್ತಿದ್ದರು.

ಕಟ್ಟಳೆಗೆ ಕಾರಣವಿತ್ತು. ನಮ್ಮ ಬಾವಿಗಳು ಒಮ್ಮೊಮ್ಮೆ ಕೆಡುತ್ತವೆ. ಕೆಟ್ಟ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಬದಲಾಗುವುದಿಲ್ಲ. ಕುಡಿದವರಿಗೆ ಮೊದಲು ಮೊಣಕಾಲು ಹೋಗುತ್ತದೆ, ಆಮೇಲೆ ನಾಲಗೆ, ಆಮೇಲೆ ಉಸಿರು. ಮೊಣಕಾಲಿಗೆ ಮುಟ್ಟುವುದಕ್ಕೆ ಆರೇಳು ತಿಂಗಳು ಬೇಕು. ಅಷ್ಟರಲ್ಲಿ ಬೀದಿಗೆ ಬೀದಿಯೇ ಹೊಟ್ಟೆ ತುಂಬ ಕುಡಿದಿರುತ್ತದೆ. ಹೋದ ಮೊಣಕಾಲು ಮರಳಿ ಬಂದದ್ದನ್ನು ಯಾರೂ ಕಂಡಿಲ್ಲ.

ಅದಕ್ಕೇ ವರ್ಷಕ್ಕೊಮ್ಮೆ ಪ್ರತಿ ಬಾವಿಯ ವಿಚಾರವನ್ನೂ ಕಾಳಿನ ಹತ್ತಿರ ಕೇಳುತ್ತಿದ್ದೆವು. ಕೇಳುವವಳು ಕಾಳಿನಜ್ಜಿ. ಅವಳ ತಾಯಿ ಕೇಳುತ್ತಿದ್ದಳು, ತಾಯಿಯ ತಾಯಿ ಕೇಳುತ್ತಿದ್ದಳು. ಮೊದಲ ದಿನ ಅಜ್ಜಿ ಬಾವಿಯಿಂದ ಒಂದು ತಂಬಿಗೆ ನೀರು ಸೇದಿ, ಇಪ್ಪತ್ತು ಹೆಸರುಕಾಳು ನೆನೆಹಾಕುತ್ತಾಳೆ. ಎರಡನೆಯ ದಿನ ನೆಂದ ಕಾಳನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟುತ್ತಾಳೆ. ಮೂರನೆಯ ಬೆಳಿಗ್ಗೆ ಬೀದಿಯವರೆಲ್ಲ ಬಾವಿಯ ಸುತ್ತ ನಿಂತಿರುವಾಗ ಗಂಟು ಬಿಚ್ಚುತ್ತಾಳೆ. ಮೊಳೆತವನ್ನು ಮಡಿಲಿಗೆ ಹಾಕಿಕೊಳ್ಳುತ್ತಾಳೆ. ಮೊಳೆಯದೆ ಉಳಿದವಕ್ಕೆ ನಾವು ಕಲ್ಲುಕಾಳು ಅನ್ನುತ್ತೇವೆ. ಅವನ್ನು ಒಂದು ಕರಿ ಹಲಗೆಯ ಮೇಲೆ ಒಂದರ ಪಕ್ಕ ಒಂದು ಜೋಡಿಸುತ್ತಾಳೆ.

ಹಲಗೆಯ ಮೇಲೆ ಸುಣ್ಣದ ಒಂದು ಗೆರೆ. ಗೆರೆಯ ಈಚೆ ಮೂರು ಕಾಳಿಗೆ ಜಾಗ. ಒಳ್ಳೆಯ ನೀರಿನಲ್ಲೂ ಒಂದೋ ಎರಡೋ ಕಾಳು ಮೊಳೆಯುವುದಿಲ್ಲ, ಅದು ಕಾಳಿನ ಗುಣ. ನಾಲ್ಕನೆಯದು ಬಂದು ಗೆರೆ ದಾಟಿದರೆ ಬಾವಿ ಮುಚ್ಚಬೇಕು. ಗಂಟು ಬಿಚ್ಚುವ ಮೊದಲೇ ಗೆರೆ ಎಳೆದಿರಬೇಕು, ಇದರಲ್ಲಿ ಅಜ್ಜಿ ಬಲು ಕಟ್ಟುನಿಟ್ಟು. ಬಿಚ್ಚಿದ ಮೇಲೆ ಎಳೆದದ್ದು ಗೆರೆಯಲ್ಲ, ಬರೀ ಆಸೆ ಎನ್ನುತ್ತಿದ್ದಳು.

ಬಿಚ್ಚುವ ಮುಂಚೆ ಅವಳು ಹೇಳುವ ಮಾತು ಒಂದೇ. "ಈ ನೀರು ಒಳ್ಳೇದು ಅಂತಲೇ ಇಟ್ಕೊಳ್ಳೋಣ. ಅಲ್ಲ ಅಂತ ಕಾಳು ಹೇಳೋ ತನಕ ಒಳ್ಳೇದೇ." ಬಿಚ್ಚಿದ ಮೇಲೆ ಹೇಳುವುದು ಎರಡರಲ್ಲಿ ಒಂದು. ಗೆರೆ ದಾಟಿದರೆ, "ಇದನ್ನ ಇನ್ನು ಒಳ್ಳೇದು ಅನ್ನಲಾರೆ." ದಾಟದಿದ್ದರೆ, "ಕೆಟ್ಟದ್ದು ಅನ್ನೋಕೆ ನನಗೆ ಕಾರಣ ಸಿಗಲಿಲ್ಲ." ನೀರು ಚೆನ್ನಾಗಿದೆ ಎಂದು ಅವಳು ಒಂದು ಸಲವೂ ಅಂದವಳಲ್ಲ. ಜನ ಅದನ್ನು ಗಮನಿಸುತ್ತಿರಲಿಲ್ಲ. ಕಾರಣ ಸಿಗಲಿಲ್ಲ ಅಂದರೆ ಸಾಕು, ಹೋ ಎಂದು ಕೂಗಿ ಕೊಡಗಳನ್ನು ಬಾವಿಗೆ ಇಳಿಸುತ್ತಿದ್ದರು.

ನಾನು ಕಲ್ಲಿನವನು. ಅಜ್ಜಿ ಒಳ್ಳೇದು ಅನ್ನಲಾರೆ ಎಂದ ದಿನ ಬಾವಿಯ ಬಾಯಿಗೆ ಚಪ್ಪಡಿ ಎಳೆದು, ಸಂದಿಗೆ ಗಾರೆ ಮೆತ್ತುವವನು. ಕಲ್ಲು ಬಿದ್ದ ಬೀದಿಯವರು ಹೊತ್ತು ಮುಳುಗುವುದರೊಳಗೆ ಬಡಗಣ ಬಾಗಿಲಿನಿಂದ ಆಚೆ ಹೋಗಬೇಕು, ಏಕೆಂದರೆ ಬೇರೆ ಬೀದಿ ಅವರಿಗೆ ನೀರು ಕೊಡುವಂತಿಲ್ಲ. ಬಾಗಿಲಿನಾಚೆ ಉಪ್ಪಿನ ಬಯಲು. ಅಲ್ಲಿಂದ ತಿರುಗಿ ಬಂದವರಿಲ್ಲ. ಹಿಂದೆ ಊರಲ್ಲಿ ನೂರು ಬೀದಿಗಳಿದ್ದವಂತೆ. ನಾನು ಚಪ್ಪಡಿ ಎಳೆಯಲು ಕಲಿತಾಗ ಇಪ್ಪತ್ತೊಂಬತ್ತು ಉಳಿದಿದ್ದವು. ನನ್ನ ಕೈಯಲ್ಲೇ ಏಳು ಮುಚ್ಚಿದ್ದೇನೆ. ಏಳು ಸಲವೂ ಊರು ಉಳಿಸಿದೆ ಅಂದುಕೊಂಡು ಮನೆಗೆ ಬಂದು ಗಡದ್ದಾಗಿ ಉಂಡು ಮಲಗಿದ್ದೇನೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಏಳನೆಯದು ಹಗ್ಗ ಹೊಸೆಯುವವರ ಬೀದಿ. ಅಲ್ಲಿ ನಾಲ್ಕು ಕಲ್ಲುಕಾಳು ಬಂದವು. ಅರವತ್ತೆರಡು ಜನ ಬಡಗಣ ಬಾಗಿಲು ದಾಟಿದರು. ಕೊನೆಯಲ್ಲಿ ಹೋದವನೊಬ್ಬ ತಿರುಗಿ ನನ್ನ ಕೈಯನ್ನೇ ನೋಡಿದ. ಕೈಗೆ ಗಾರೆ ಮೆತ್ತಿಕೊಂಡಿತ್ತು.

ಮುಚ್ಚಿದ ಬಾವಿಗಳ ಗಾರೆ ಬಿರುಕು ಬಿಟ್ಟಿದೆಯೇ ಎಂದು ನೋಡಿಬರುವುದೂ ನನ್ನ ಕೆಲಸ. ಹದಿನಾಲ್ಕು ತಿಂಗಳ ಮೇಲೆ ಹಗ್ಗದ ಬೀದಿಗೆ ಹೋದೆ. ಬಾಗಿಲುಗಳೆಲ್ಲ ತೆರೆದೇ ಇದ್ದವು. ಬಾವಿಯ ಚಪ್ಪಡಿಯ ಮೇಲೆ ಒಬ್ಬ ಹೆಂಗಸು ಕಾಲು ಚಾಚಿ ಕೂತು ನಾರು ಹೊಸೆಯುತ್ತಿದ್ದಳು. ಚಪ್ಪಡಿಯ ಒಂದು ಮೂಲೆಯಲ್ಲಿ ಮುಷ್ಟಿ ಹಿಡಿಯುವಷ್ಟು ಸಂದಿ ಕೊರೆದಿದ್ದಳು. ಸಂದಿಯೊಳಗೆ ಸಣ್ಣ ಹಗ್ಗ, ಹಗ್ಗದ ತುದಿಗೆ ಒಂದು ಕರಟ.

"ಯಾರು, ಕಲ್ಲಿನವನಾ? ಬಾ, ಕೂತ್ಕೋ. ನೀನೇ ಹಾಸಿದ ಕಲ್ಲು, ಸಂಕೋಚ ಯಾಕೆ?" ಅಂದಳು.

"ಈ ನೀರು ಕುಡೀತಿದ್ದೀಯಾ?"

"ಮತ್ತಿನ್ಯಾವ್ದು ಕುಡೀಲಿ? ಎಲ್ಲರೂ ಹೋದ ದಿನ ಕಣಜದೊಳಗೆ ಅಡಗಿ ಕೂತಿದ್ದೆ. ಅವತ್ತಿಂದ ಇದೇ ನೀರು, ಬಿಟ್ಟುಹೋದೋರ ರಾಗಿ." ಹೀಗೆಂದವಳೇ ಎದ್ದು ನಿಂತಳು. ಕುಕ್ಕರಗಾಲಲ್ಲಿ ಕೂತಳು, ಮತ್ತೆ ಎದ್ದಳು. ಮೂರು ಸಲ ಹಾಗೆ ಮಾಡಿದಳು. "ಮೊಣಕಾಲು ಸರಿಯಾಗಿ ನೋಡಿದ್ಯಾ? ಇನ್ನೊಂದು ಸಲ ಬೇಕಾದ್ರೂ ತೋರಿಸ್ತೀನಿ. ನನ್ನ ಮಗನಿಗೆ ತೋರಿಸ್ಬೇಕು ಅಂತ ಇತ್ತು. ಅವನು ಅವರ ಜೊತೆ ಹೋಗ್ಬಿಟ್ಟ."

ಆ ಬಾವಿ ಒಳ್ಳೆಯದಾಗಿತ್ತು. ಅರವತ್ತೆರಡು ಜನರನ್ನು ಸುಮ್ಮನೆ, ಏನೂ ಇಲ್ಲದೆ, ಉಪ್ಪಿಗೆ ಅಟ್ಟಿದ್ದೆವು. ಅಲ್ಲಿಂದ ಓಡಿದವನು ಅಜ್ಜಿಯ ಜಗಲಿಯ ಮೇಲೆ ಬಂದು ಬಿದ್ದೆ.

ಅಜ್ಜಿ ಕಾಳು ಆರಿಸುತ್ತ ಕೂತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು, ಬೆಚ್ಚಿಬೀಳಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

"ನಮ್ಮ ಬೀದಿ ಬಾವಿ ನೀರು ಎಂಬತ್ತು ವರ್ಷದಿಂದ ಕುಡೀತಿದೀನಿ, ಅದಕ್ಕೆ ಯಾವ ದೋಷನೂ ಇಲ್ಲ," ಎಂದಳು. "ಆ ನೀರಲ್ಲೇ ನಮ್ಮವ್ವ ನೂರಾರು ಗಂಟು ಕಟ್ಟಿ ನೋಡಿದ್ಲು. ನಾನೂ ಕಟ್ಟಿದೀನಿ. ನೂರು ಗಂಟಲ್ಲಿ ಐದರಲ್ಲಿ ನಾಲ್ಕೋ ಅದಕ್ಕಿಂತ ಹೆಚ್ಚೋ ಕಲ್ಲುಕಾಳು ಬಂದೇ ಬರ್ತವೆ. ನೀರಿನ ತಪ್ಪಲ್ಲ, ಯಾರ ತಪ್ಪೂ ಅಲ್ಲ. ಸುಮ್ನೆ ಒಟ್ಟಿಗೆ ಬಂದ್ಬಿಡ್ತವೆ."

"ಹಂಗಾದ್ರೆ ನೂರು ಒಳ್ಳೆ ಬಾವೀಲಿ ಐದನ್ನ ನಾವೇ ಮುಚ್ತಾ ಇದೀವಾ?"

"ಹೂಂ. ಯಾವ ಐದು ಅಂತ ಮಾತ್ರ ತಿಳಿಯಲ್ಲ. ಮುಚ್ಚಿದ ಬಾವಿ ನೀರನ್ನ ಯಾರು ಕುಡಿದು ನೋಡ್ತಾರೆ? ಹಗ್ಗದೋಳು ನೋಡಿದ್ಲು, ಅದಕ್ಕೆ ಗೊತ್ತಾಯ್ತು."

"ಇಷ್ಟು ದಿನ ಬಾಯಿ ಮುಚ್ಕೊಂಡಿದ್ಯಲ್ಲ ಅಜ್ಜಿ!"

"ಪ್ರತಿ ಸಲ ಗಂಟು ಬಿಚ್ಚಿದ ಮೇಲೆ ಅನ್ನಲಾರೆ, ಕಾರಣ ಸಿಗಲಿಲ್ಲ ಅಂತಷ್ಟೇ ಹೇಳಿದೀನಿ. ಕೊಡ ಇಳಿಸೋ ಗಲಾಟೇಲಿ ನಿಮಗೆ ಯಾರಿಗೂ ಕೇಳಿಸ್ತಿರಲಿಲ್ಲ." ಅವಳು ಒಂದು ಕಾಳನ್ನು ಬೆರಳಿನಲ್ಲಿ ಹಿಡಿದು ಬೆಳಕಿಗೆ ನೋಡಿದಳು. "ಇನ್ನೊಂದು ಕಡೇನೂ ಕೇಳಿಸ್ಕೋ. ಕೆಟ್ಟ ನೀರಲ್ಲೂ ಕಟ್ಟಿ ನೋಡಿದೀನಿ. ಹತ್ತು ಗಂಟಲ್ಲಿ ಎರಡು ಚೆನ್ನಾಗೇ ಮೊಳೀತವೆ, ನಮ್ಮ ಕಣ್ಣಿಗೆ ಮಣ್ಣೆರಚ್ತವೆ. ಆ ತಪ್ಪು ಮಾತ್ರ ಮುಚ್ಚಿಡಕ್ಕಾಗಲ್ಲ. ಮೊಣಕಾಲು ಹೇಳುತ್ತೆ."

ಈ ಎರಡನೆಯ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ತಲೆ ತುಂಬ ಅರವತ್ತೆರಡು ಜನರಿದ್ದರು. ಮಾರನೆಯ ಬೆಳಿಗ್ಗೆ ಹಿರಿಯರ ಕಟ್ಟೆಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದೆ. ನಿಮ್ಮ ಗೆರೆಗೆ ಬೆಂಕಿ ಬೀಳಲಿ ಎಂದೆ. ಹಗ್ಗದವಳನ್ನು ಕರೆತರಿಸಿ, ಎಲ್ಲರೆದುರು ಕೂರಿಸಿ ಏಳಿಸಿ ತೋರಿಸಿದೆ. ಕಟ್ಟೆಯ ಯಜಮಾನ ಮೀಸೆ ನೀವಿಕೊಂಡು ಅವಳ ಮೊಣಕಾಲನ್ನು ಬಹಳ ಹೊತ್ತು ನೋಡಿದ.

"ಸರಿ. ಏನು ಮಾಡ್ಬೇಕು ಅಂತೀಯ?" ಎಂದ.

"ಗೆರೆ ಸರಿಸಿ. ಮೂರಲ್ಲ, ಐದಕ್ಕೆ ಜಾಗ ಬಿಡಿ. ಆರನೇದು ದಾಟಿದ್ರೆ ಮಾತ್ರ ಮುಚ್ಚೋಣ."

ಅಜ್ಜಿ ಎದ್ದು ನಿಂತಳು. "ಸರಿಸಿದ್ರೆ ಒಳ್ಳೆ ಬಾವಿ ಮುಚ್ಚೋ ತಪ್ಪು ಹೆಚ್ಚುಕಡಿಮೆ ಇಲ್ಲವಾಗುತ್ತೆ, ನಿಜ. ಆದ್ರೆ ಕೆಟ್ಟ ಬಾವಿ ಹತ್ತರಲ್ಲಿ ಎರಡು ತಪ್ಪಿಸ್ಕೊಳ್ತಿದ್ದದ್ದು ಇನ್ನು ಆರು ತಪ್ಪಿಸ್ಕೊಳ್ತವೆ. ಗೆರೆ ಯಾವ ಕಡೆ ಸರಿಸಿದ್ರೂ ಒಂದು ಕಡೆಯೋರು ಸಾಯ್ತಾರೆ. ಎರಡು ತಪ್ಪೂ ಕಮ್ಮಿ ಆಗ್ಬೇಕಾ? ಕಾಳು ಹೆಚ್ಚು ಮಾಡಿ. ಇಪ್ಪತ್ತು ಸಾಲದು. ಬಾವಿಗೆ ಇನ್ನೂರು ಹಾಕಿ."

ಕಟ್ಟೆಯ ಮೇಲೆ ನಗು ಎದ್ದಿತು. ಇನ್ನೂರು ಕಾಳನ್ನು ಒಂದೊಂದಾಗಿ ನೋಡುತ್ತ ಕೂತರೆ ಬೇರೆ ಕೆಲಸ ಬೇಡವೇ ಎಂದರು. ಮನುಷ್ಯನಿಗೆ ಕೈಕಾಲು ಸೇರಿ ಇಪ್ಪತ್ತು ಬೆರಳು, ಅದಕ್ಕೇ ಇಪ್ಪತ್ತು ಕಾಳು, ಹಿರಿಯರು ದಡ್ಡರೇ ಎಂದರು. ಗೆರೆ ಸರಿಸುವುದಕ್ಕಾದರೆ ಒಂದು ಚಿಟಿಕೆ ಸುಣ್ಣ ಸಾಕಲ್ಲ ಎಂದರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ ಇರಬೇಕು.

ಗೆರೆ ಸರಿಯಿತು. ಆದರೆ ಹಗ್ಗದ ಬೀದಿಯ ಬಾವಿಯನ್ನು ತೆರೆಯಲಿಲ್ಲ. ಅದನ್ನು ತೆರೆದರೆ ಮುಚ್ಚಿದ ಎಪ್ಪತ್ತೆಂಟು ಬಾವಿಗಳ ಬಗ್ಗೆಯೂ ಜನ ಬಾಯಿ ತೆರೆಯುತ್ತಾರೆ ಎಂದು ಯಜಮಾನನಿಗೆ ಹೊಳೆದಿತ್ತು. ಹಗ್ಗದವಳು ಕಟ್ಟಳೆ ಮುರಿದವಳಾದ್ದರಿಂದ ಅವಳನ್ನು ಆ ಸಂಜೆಯೇ ಬಡಗಣ ಬಾಗಿಲಿನಿಂದ ಕಳಿಸಿದರು. ಬಾವಿಗೆ ಕಲ್ಲುಮಣ್ಣು ತುಂಬಿ ಮೇಲೆ ಗಾರೆ ಬಳಿಯುವ ಕೆಲಸ ನನಗೆ ಬಂತು. ಹೋಗುವಾಗ ಅವಳು ನನಗೆ ಬೈಯಲಿಲ್ಲವಂತೆ. ಮೊಣಕಾಲು ಗಟ್ಟಿ ಇದೆ, ಮಗ ಎಲ್ಲಿದ್ದಾನೋ ನಡೆದು ನೋಡ್ತೀನಿ ಎಂದಳಂತೆ. ಅವಳನ್ನು ಅಡಗಿದ ಜಾಗದಿಂದ ಬೆಳಕಿಗೆ ಎಳೆದು ತಂದವನು ನಾನು.

ಆಮೇಲೆ ಮೂರು ವರ್ಷ ಯಾವ ಬಾವಿಯೂ ಮುಚ್ಚಲಿಲ್ಲ. ಮೂರು ವರ್ಷವೂ ಊರು ಹಬ್ಬ ಮಾಡಿತು. ನನ್ನ ಹಾರೆಗೆ ತುಕ್ಕು ಹಿಡಿಯಿತು. ಎದುರಿಗೆ ಸಿಕ್ಕವರು ಕೈ ಮುಗಿಯುತ್ತಿದ್ದರು, ಪುಣ್ಯಾತ್ಮ ಎನ್ನುತ್ತಿದ್ದರು. ಪುಣ್ಯಾತ್ಮ ಅನ್ನಿಸಿಕೊಳ್ಳುವುದು ಬೇಗ ಅಭ್ಯಾಸವಾಗುತ್ತದೆ. ನನ್ನ ಒಬ್ಬಳೇ ಮಗಳನ್ನು ಚಾಪೆ ಹೆಣೆಯುವವರ ಬೀದಿಗೆ ಮದುವೆ ಮಾಡಿ ಕೊಟ್ಟೆ. ಆ ಬೀದಿಗೆ ಹೋದ ದಿನದಿಂದ ಅವಳದು ಆ ಬೀದಿಯ ನೀರು. ಅವಳಿಗೊಂದು ಹೆಣ್ಣು ಮಗುವಾಯಿತು. ಮಗು ಒಂದು ವರ್ಷ ತುಂಬುವ ಮೊದಲೇ ಗೋಡೆ ಹಿಡಿದು ನಡೆಯಿತು. ನಾನು ಹೋದಾಗಲೆಲ್ಲ ನನ್ನ ಮೀಸೆ ಹಿಡಿದು ಎಳೆಯುತ್ತಿತ್ತು.

ನಾಲ್ಕನೆಯ ವರ್ಷ ಚಾಪೆ ಬೀದಿಯ ಸರದಿ ಬಂತು. ಮೂರನೆಯ ಬೆಳಿಗ್ಗೆ ನಾನೂ ಬಾವಿಯ ಹತ್ತಿರ ನಿಂತೆ. ಮಗಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲಿದ್ದಳು. ಅಜ್ಜಿ ಗೆರೆ ಎಳೆದಳು. ಈ ನೀರು ಒಳ್ಳೇದು ಅಂತಲೇ ಇಟ್ಕೊಳ್ಳೋಣ ಎಂದಳು. ಗಂಟು ಬಿಚ್ಚಿದಳು. ಮೊಳೆತವು ಒಂದೊಂದಾಗಿ ಮಡಿಲಿಗೆ ಹೋದವು. ಕಲ್ಲುಕಾಳು ಒಂದು, ಎರಡು, ಮೂರು ಹಲಗೆ ಸೇರಿದವು. ನಾಲ್ಕನೆಯದು ಸೇರಿತು. ಐದನೆಯದು ಗೆರೆಗೆ ತಾಗಿ ನಿಂತಿತು. ಬಟ್ಟೆಯಲ್ಲಿ ಇನ್ನೊಂದೇ ಕಾಳು ಉಳಿದಿತ್ತು. ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅದರ ಒಡಲಿನಿಂದ ಕೂದಲೆಳೆಯಷ್ಟು ಬಿಳಿ ಮೊಳಕೆ ಹೊರಗೆ ಬಂದಿತ್ತು. ಅದನ್ನು ಮಡಿಲಿಗೆ ಹಾಕಿಕೊಂಡಳು.

"ಕೆಟ್ಟದ್ದು ಅನ್ನೋಕೆ ನನಗೆ ಕಾರಣ ಸಿಗಲಿಲ್ಲ," ಎಂದಳು. ಹಾಗೆ ಹೇಳುವಾಗ ನನ್ನನ್ನೇ ನೋಡುತ್ತಿದ್ದಳು.

ಜನ ಹೋ ಎಂದರು. ನಾನು ಮಗಳನ್ನು ತಬ್ಬಿಕೊಂಡು ಅತ್ತೆ. ಹಳೆಯ ಗೆರೆ ಇದ್ದಿದ್ದರೆ ನಾನೇ ಆ ಬಾವಿಗೆ ಕಲ್ಲೆಳೆದು, ಮಗಳನ್ನೂ ಮೊಮ್ಮಗಳನ್ನೂ ಉಪ್ಪಿನ ಬಯಲಿಗೆ ಕಳಿಸಬೇಕಿತ್ತು. ನಾನು ಸರಿಸಿದ ಗೆರೆ ನನ್ನ ಮಕ್ಕಳನ್ನೇ ಕಾಯಿತು ಎಂದು ಬೀಗಿದೆ. ಮಗಳು ಹೊಸ ನೀರು ಸೇದಿ, ಅಪ್ಪಾ, ಒಂದು ಗುಟುಕು ಕುಡಿ ಎಂದಳು. ಕಾವಲಿನವಳು ಕೆಮ್ಮಿದಳು. ಕಟ್ಟಳೆ ನೆನಪಾಗಿ ಇಬ್ಬರೂ ನಕ್ಕೆವು.

ಸಂಜೆ ಅಜ್ಜಿ ಬರಹೇಳಿದಳು. ಜಗಲಿಯ ಮೇಲೆ ಒಂದು ತಂಬಿಗೆಯಿತ್ತು.

"ಚಾಪೆ ಬೀದಿ ನೀರು. ಉಳಿಸ್ಕೊಂಡು ಬಂದಿದೀನಿ, ನನಗೊಬ್ಬಳಿಗೆ ಬಿಡ್ತಾರೆ," ಎಂದಳು. "ಕೇಳು. ಅದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಒಳ್ಳೇದು ಅಂತಲೂ ಹೇಳ್ಲಿಲ್ಲ. ನನಗೆ ಗೊತ್ತಿಲ್ಲ, ಅಷ್ಟೇ. ಐದು ಅನ್ನೋದು ನಂಗೆ ಹಿಡಿಸ್ತಿಲ್ಲ. ಇನ್ನೂರು ಕಾಳು ಕಟ್ತೀನಿ. ಊರಿಗೆ ತಿಳಿಯೋದು ಬೇಡ. ಮೂರನೇ ಬೆಳಿಗ್ಗೆ ನೀನೊಬ್ಬ ಬಾ."

ನಾನು ತಂಬಿಗೆಯನ್ನೇ ನೋಡಿದೆ. ನೀರು ತಿಳಿಯಾಗಿತ್ತು. "ಕೆಟ್ಟದ್ದು ಅಂತ ಬಂದ್ರೆ?" ಎಂದೆ.

"ಬಂದ್ರೆ ಗೊತ್ತಾಗುತ್ತೆ."

"ಗೊತ್ತಾದ್ರೆ ನಾನು ಸುಮ್ನೆ ಇರೋಕಾಗಲ್ಲ ಅಜ್ಜಿ. ಕಲ್ಲು ಎಳೀಬೇಕು. ಅವಳು ಬಯಲಿಗೆ ಹೋಗ್ಬೇಕು. ಕೂಸು ಹೋಗ್ಬೇಕು."

"ಗೊತ್ತಾದ್ರೆ ಏನಾದ್ರೂ ದಾರಿ ಹುಡುಕಬಹುದು ಕಣಪ್ಪ. ಗೊತ್ತಿಲ್ದೆ ಇದ್ರೆ ಅದೂ ಇಲ್ಲ."

"ಬೇಡ. ಗೆರೆ ಒಳಗೇ ಇದೆ. ಐದು ಅಂದ್ರೆ ಐದು, ದಾಟಿಲ್ಲ. ಹಗ್ಗದ ಬೀದೀಲಿ ನಾಲ್ಕು ಬಂದು ಏನಾಯ್ತು? ಸುಮ್ನೆ ಬಂದಿದ್ವು ಅಂತ ನೀನೇ ಹೇಳಿದ್ಯಲ್ಲ. ಇವೂ ಸುಮ್ನೆ ಬಂದಿರೋವೇ."

"ಇರಬಹುದು."

"ಹಂಗಾದ್ರೆ ಯಾಕೆ ನೋಡ್ಬೇಕು? ನೋಡ್ಬೇಡ ಅಜ್ಜಿ, ನಿನ್ನ ಕಾಲಿಗೆ ಬೀಳ್ತೀನಿ." ನಿಜಕ್ಕೂ ಬಿದ್ದೆ.

"ನಿನ್ನ ಮಗಳು, ನಿನ್ನ ಮಾತು," ಎಂದು ಅಜ್ಜಿ ತಂಬಿಗೆಯ ನೀರನ್ನು ಅಂಗಳಕ್ಕೆ ಚೆಲ್ಲಿದಳು. ನೆಲ ಅದನ್ನು ಕುಡಿಯಿತು. ನನಗೆ ಹಾಯೆನಿಸಿತು.

ಮಳೆಗಾಲ ಕಳೆಯಿತು, ಚಳಿ ಬಂತು. ಚಾಪೆ ಹೆಣೆಯುವವರು ಇಡೀ ದಿನ ಮಂಡಿಯೂರಿ ಕೂತು ಕೆಲಸ ಮಾಡುತ್ತಾರೆ. ಆದ್ದರಿಂದ ಮಗಳು ಮಂಡಿ ನೋವು ಎಂದಾಗ ಎಣ್ಣೆ ಹಚ್ಚಿಕೋ ಎಂದೆ. ಅವಳ ಗಂಡ ಏಳುವಾಗ ಗೋಡೆ ಹಿಡಿದದ್ದನ್ನು ಕಂಡು ಚಳಿಗಾಲವಲ್ಲವೇ ಎಂದೆ. ಪಕ್ಕದ ಮನೆಯ ಮುದುಕ ಅಂಗಳದಲ್ಲಿ ಕುಸಿದದ್ದಕ್ಕೆ ವಯಸ್ಸಾಯಿತು ಎಂದೆ. ಒಂದೊಂದಕ್ಕೂ ಒಂದೊಂದು ಕಾರಣ ಹುಡುಕಿದೆ, ಒಂದೊಂದು ಕಾರಣವೂ ಸರಿಯಾಗಿಯೇ ಇತ್ತು. ಎಲ್ಲವನ್ನೂ ಒಟ್ಟಿಗಿಟ್ಟು ನೋಡುವುದನ್ನು ಮಾತ್ರ ಮಾಡಲಿಲ್ಲ.

ಒಂದು ಬೆಳಿಗ್ಗೆ ಹೋದಾಗ ಬೀದಿಯ ಮಕ್ಕಳು ಅಂಬೆಗಾಲಿಕ್ಕುತ್ತಿದ್ದವು. ನಾಲ್ಕು ವರ್ಷದವು, ಆರು ವರ್ಷದವು, ಎಲ್ಲವೂ. ತಾಯಂದಿರು ಹೊಸ್ತಿಲಲ್ಲಿ ಕೂತು, ಅದೇನೋ ಹೊಸ ಆಟ ಶುರು ಮಾಡ್ಕೊಂಡಿವೆ ಎಂದು ನಗುತ್ತಿದ್ದರು. ಏಳಲಾರದ ತಾಯಂದಿರು. ಗೋಡೆ ಹಿಡಿದು ನಡೆಯುತ್ತಿದ್ದ ನನ್ನ ಮೊಮ್ಮಗಳು ಹೊಟ್ಟೆಯ ಮೇಲೆ ತೆವಳುತ್ತ ಬಂದು ನನ್ನ ಕಾಲುಂಗುಟ ಹಿಡಿಯಿತು. ನಾನು ಅದನ್ನು ಎತ್ತಿ ನಿಲ್ಲಿಸಿದೆ. ಅದು ಮಡಚಿಕೊಂಡು ಬಿತ್ತು. ಮತ್ತೆ ನಿಲ್ಲಿಸಿದೆ. ಮತ್ತೆ ಬಿತ್ತು. ಮೂರನೆಯ ಸಲ ನಿಲ್ಲಿಸುವ ಧೈರ್ಯ ನನಗೆ ಬರಲಿಲ್ಲ.

ಅಜ್ಜಿಯ ಕಾಲು ಹಿಡಿದು ಈಗ ಕಟ್ಟು ಎಂದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವನ ಹಾಗೆ ಬಂದೆಯಲ್ಲ ಎಂದು ಅವಳು ಬೈಯಬಹುದಿತ್ತು. ಬೈಯಲಿಲ್ಲ. ಎದ್ದು ಹೋಗಿ ನೀರು ತಂದಳು, ಇನ್ನೂರು ಕಾಳು ಹಾಕಿದಳು. ಮೂರನೆಯ ಬೆಳಿಗ್ಗೆ ಇಬ್ಬರೇ ಕೂತು ಬಿಚ್ಚಿದೆವು. ಹೊತ್ತೇನೂ ಮುಳುಗಲಿಲ್ಲ. ಒಲೆಯ ಮೇಲೆ ಅನ್ನ ಬೇಯುವಷ್ಟು ಹೊತ್ತು ಹಿಡಿಯಿತು. ಕಲ್ಲುಕಾಳು ಐವತ್ತೊಂದಿದ್ದವು. ಒಳ್ಳೆಯ ನೀರಾಗಿದ್ದರೆ ಹದಿನಾಲ್ಕೋ ಹದಿನೈದೋ ಇರುತ್ತಿದ್ದವು ಎಂದು ಅಜ್ಜಿ ಹೇಳಿದಳು. ಇದನ್ನ ಇನ್ನು ಒಳ್ಳೇದು ಅನ್ನಲಾರೆ ಎಂದು ಮೆಲ್ಲಗೆ ಅಂದಳು, ಅದೂ ನನಗಾಗಿ ಅಲ್ಲ, ಹೇಳಬೇಕಾದದ್ದು ಎಂದು.

ಕಾಳನ್ನು ಬಟ್ಟೆಯಲ್ಲೇ ಕಟ್ಟಿಕೊಂಡು ಕಟ್ಟೆಗೆ ಓಡಿದೆ. ಯಜಮಾನ ಗಂಟನ್ನು ಮುಟ್ಟಲೂ ಇಲ್ಲ. "ಈ ವರ್ಷದ್ದು ಆಗಿಹೋಯ್ತಲ್ಲ. ಮುಚ್ಚಿದ್ರೆ ಬೀದಿ ಖಾಲಿ ಮಾಡ್ಬೇಕು, ನಡೆಯೋರು ಅಲ್ಲಿ ಯಾರಿದಾರೆ?" ಎಂದ. ಆಮೇಲೆ ದನಿ ತಗ್ಗಿಸಿ, "ಗೆರೆ ಸರಿಸಿ ಅಂದೋನು ನೀನೇ ಅಲ್ವಾ?" ಎಂದ. ಚಾಪೆ ಬೀದಿಗೆ ಹೋಗಿ ಮನೆಮನೆಗೂ, ಕುಡೀಬೇಡಿ, ನೀರು ಕೆಟ್ಟಿದೆ ಎಂದು ಕೂಗಿದೆ. ಒಬ್ಬಳು ಹೊಸ್ತಿಲಲ್ಲಿ ಮಲಗಿದ್ದಲ್ಲಿಂದಲೇ, ಮತ್ತೇನು ಕುಡಿಯೋಣ ಸ್ವಾಮಿ ಎಂದು ಕೇಳಿದಳು.

ಅವತ್ತೇ ನನಗೆ ದಾರಿ ಹೊಳೆದದ್ದು. ನನ್ನ ಬೀದಿಯ ಬಾವಿಕಟ್ಟೆಯಲ್ಲಿ ಮುಖ ತೊಳೆದು ತಲೆಯ ಪೇಟವನ್ನು ಬಿಚ್ಚಿದೆ. ಒಂಬತ್ತು ಮೊಳದ ಪೇಟ. ಅದನ್ನು ನೀರಿನಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, ಮತ್ತೆ ಸುತ್ತಿಕೊಂಡು ಚಾಪೆ ಬೀದಿಗೆ ನಡೆದೆ. ಕಾವಲಿನವಳು ನನ್ನ ಕೈಚೀಲ ನೋಡಿದಳು, ಬುತ್ತಿಯ ಬಟ್ಟಲಿನೊಳಗೆ ಕೈ ಹಾಕಿದಳು. ಕೈ ಒದ್ದೆಯಾಗಲಿಲ್ಲ. ಹೋಗು ಎಂದಳು. ಒಬ್ಬ ತಾಯಿ, ಒಂದು ಕೂಸು, ಇಬ್ಬರಿಗೆ ಸಾಕಾಗುವಷ್ಟು ನೀರು ದಿನಕ್ಕೆ ನಾಲ್ಕು ಸಲ ಹೀಗೆ ಒಳಗೆ ಹೋಗಬಹುದಿತ್ತು. ಮೊದಲ ದಿನದಿಂದಲೂ ಹೋಗಬಹುದಿತ್ತು. ಆ ದಾರಿಗೆ ನನ್ನ ಬುದ್ಧಿಯಾಗಲಿ ಧೈರ್ಯವಾಗಲಿ ಹೆಚ್ಚೇನೂ ಬೇಕಿರಲಿಲ್ಲ. ಹುಡುಕಬೇಕು ಎಂಬ ಅಗತ್ಯ ತಿಳಿದಿದ್ದರೆ ಸಾಕಿತ್ತು.

ಮಗಳು ತಾನೇ ಹೆಣೆದ ಚಾಪೆಯ ಮೇಲೆ ಮಲಗಿದ್ದಳು. ಅಳಿಯ ಪಕ್ಕದಲ್ಲಿದ್ದ, ಅವನ ಮಾತು ಹಿಂದಿನ ದಿನವೇ ನಿಂತಿತ್ತು. ನಾನು ಪೇಟ ಬಿಚ್ಚಿ ಮೊದಲು ಕೂಸಿನ ಬಾಯಿಗೆ ಹಿಂಡಿದೆ, ಆಮೇಲೆ ಅಳಿಯನ ಬಾಯಿಗೆ, ಆಮೇಲೆ ಅವಳ ಬಾಯಿಗೆ. ಅವಳು ನುಂಗಿ ಬಟ್ಟೆಯನ್ನು ನೋಡಿದಳು, ನನ್ನ ಬರಿ ತಲೆಯನ್ನು ನೋಡಿದಳು. ಕಟ್ಟಳೆ ಮುರಿದು ಯಾಕೆ ತಂದೆ ಎಂಬುದು ಅವಳಿಗೆ ಅರ್ಥವಾಗಿತ್ತು. ನಾಲಗೆ ದಪ್ಪವಾಗಿತ್ತು. ಒಂದೊಂದು ಅಕ್ಷರವನ್ನೂ ಎತ್ತಿಡುವಂತೆ ಕೇಳಿದಳು.

"ಅಪ್ಪಾ... ನಿಂಗೆ... ಮುಂಚೇನೇ... ಗೊತ್ತಿತ್ತಾ?"

"ಇಲ್ಲ ಮಗಳೇ. ನನಗೆ ಗೊತ್ತಿರಲಿಲ್ಲ," ಎಂದೆ.

ಅದು ಸುಳ್ಳಲ್ಲ. ಗೊತ್ತಾಗದ ಹಾಗೆ ನಾನೇ ನೋಡಿಕೊಂಡಿದ್ದೆ. ಅವಳು ನನ್ನ ಮಾತು ನಂಬಿದಳು. ಪಾಪ, ನಾನು ಎಷ್ಟು ನೊಂದಿದ್ದೇನೋ ಎಂದು ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ಸವರಿದಳು, ಇನ್ನಷ್ಟು ನೀರಿಗೆ ಬಾಯಿ ತೆರೆದಳು.